ಫೋಟೋ ಹಾಕಲೋ ಬೇಡವೋ?



ಹಾಡಿನ ಕೋರಿಕೆಗಳ ನಡುವೆ ಈ ಸಲ ನಮಗೆ ಬೇರೆಯೇ ತರಹದ ಒಂದು ಪತ್ರ ಬಂತು. ಬರೆದವರು ಪುಣೆಯ ಕೇಳುಗರು, ಮೂಲ ಊರು ಧಾರವಾಡ. ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದರಂತೆ. ಮಗಳಿಗಾಗಿ ಬಿಟ್ಟ ಕೆಲಸವನ್ನು ಎಂಟು ವರ್ಷದ ನಂತರ ಮತ್ತೆ ಹುಡುಕುತ್ತಿದ್ದಾರೆ. ಲಿಂಕ್ಡ್‌ಇನ್ ತಾಣದಲ್ಲಿ ತಮ್ಮ ವಿವರ ತುಂಬಿಸಿದ್ದಾರೆ, ಆದರೆ ಫೋಟೋದ ಜಾಗ ಮಾತ್ರ ಖಾಲಿ. ಅವರ ಮಾತಿನಲ್ಲೇ ಕೇಳಿ: "ಫೋಟೋ ಹಾಕು ಅಂತಾನ ತಮ್ಮ. ಬ್ಯಾಡ ಅಂತಾರ ಅತ್ತಿ. ನಿನಗ ತಿಳದಂಗ ಮಾಡು ಅಂತಾರ ಇವರು. ನೀವರ ಹೇಳ್ರಿ!"

ಹೇಳುತ್ತೇವೆ. ಆದರೆ "ಹಾಕಿ" ಅಥವಾ "ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ. ಮನೆಯ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಹಾಗಾಗಿ ಬುಡದಿಂದಲೇ ನೋಡೋಣ.

ಮೊದಲು ಫೋಟೋನೇ ಇರಲಿಲ್ಲ!

ಲಿಂಕ್ಡ್‌ಇನ್ ಶುರುವಾದದ್ದು 2003ರ ಮೇ ತಿಂಗಳಲ್ಲಿ. ಆಗ ಅದರಲ್ಲಿ ಫೋಟೋ ಹಾಕುವ ಅವಕಾಶವೇ ಇರಲಿಲ್ಲ. ಹೆಸರು, ಓದು, ಕೆಲಸದ ಅನುಭವ, ಅಷ್ಟೇ. ಫೋಟೋ ಬಂದದ್ದು 2007ರಲ್ಲಿ. ಇವತ್ತು ಫೋಟೋ ಇಲ್ಲದ ವಿವರ ಕಂಡರೆ "ಇದು ನಿಜವಾದ ಮನುಷ್ಯರದ್ದೋ, ನಕಲಿ ಖಾತೆಯೋ?" ಎಂದು ಅನುಮಾನ ಪಡುವವರಿದ್ದಾರೆ. ಕಾಲ ಹೇಗೆ ಬದಲಾಯಿತು ನೋಡಿ.

ಫೋಟೋ ಇದ್ದವರ ವಿವರವನ್ನು 21 ಪಟ್ಟು ಹೆಚ್ಚು ಜನ ನೋಡುತ್ತಾರೆ ಎಂದು ಲಿಂಕ್ಡ್‌ಇನ್ ಕಂಪನಿಯೇ ಹೇಳಿಕೊಂಡಿದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಮಾತು ಮರೆಯಬಾರದು. ಫೋಟೋ ಹಾಕುವವರು ಸಾಮಾನ್ಯವಾಗಿ ಉಳಿದ ವಿವರವನ್ನೂ ಚೆನ್ನಾಗಿ ತುಂಬಿರುತ್ತಾರೆ, ಆಗಾಗ ತಾಣಕ್ಕೆ ಬಂದು ನಾಲ್ಕು ಜನರ ಜೊತೆ ಮಾತಾಡುತ್ತಿರುತ್ತಾರೆ. ಜನ ನೋಡಿದ್ದಕ್ಕೆಲ್ಲ ಫೋಟೋ ಒಂದೇ ಕಾರಣ ಅಲ್ಲ. ಜೊತೆಗೆ, ನೋಡುವುದು ಬೇರೆ, ಕೆಲಸ ಕೊಡುವುದು ಬೇರೆ!

ಫೋಟೋದಿಂದ ನಿಜವಾಗಿ ಏನು ಉಪಯೋಗ?

ಅದರ ಮುಖ್ಯ ಕೆಲಸ ಒಂದೇ: ಗುರುತು ಹಿಡಿಯಲು ಸಹಾಯ ಮಾಡುವುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಮಂಜುನಾಥ, ರಾಘವೇಂದ್ರ ಎಂದು ಹುಡುಕಿ ನೋಡಿ, ಪುಟಗಟ್ಟಲೆ ಬರುತ್ತಾರೆ. ಅದರಲ್ಲಿ ನಿಮ್ಮ ಜೊತೆ ಚೆಂಬೂರಿನ ಆಫೀಸಿನಲ್ಲಿ ಊಟದ ಡಬ್ಬಿ ಹಂಚಿಕೊಂಡ ಮಂಜುನಾಥ ಯಾರು? ಮುಖ ನೋಡಿದರೆ ತಾನೇ ಗೊತ್ತಾಗುವುದು!

ಇನ್ನೊಂದು ತಮಾಷೆ ಇದೆ. ಕಿರಣ್, ಸುಮನ್ ಎಂಬ ಹೆಸರಿನ ಗಂಡಸರು ನಮ್ಮ ಕಡೆ ಬೇಕಾದಷ್ಟು. ದೆಹಲಿಯಲ್ಲಿ ಅದೇ ಹೆಸರು ಕೇಳಿದರೆ ಎಷ್ಟೋ ಜನ ಹೆಂಗಸರೆಂದೇ ತಿಳಿಯುತ್ತಾರೆ. "ಡಿಯರ್ ಮೇಡಂ" ಎಂದು ಶುರುವಾಗುವ ಮಿಂಚಂಚೆ ಓದಿ ಓದಿ ಸಾಕಾದ ಕಿರಣ್‌ಗಳು ನಮ್ಮ ಕೇಳುಗರಲ್ಲೂ ಇದ್ದಾರು.

ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಿಕೊಂಡ ಹೆಂಗಸರ ಕಷ್ಟವಂತೂ ಬೇರೆಯೇ. ಹಳೆಯ ಸಹೋದ್ಯೋಗಿಗಳು ತವರಿನ ಹೆಸರಿನಿಂದ ಹುಡುಕುತ್ತಾರೆ, ತಾಣದಲ್ಲಿ ಇರುವುದು ಗಂಡನ ಮನೆಯ ಹೆಸರು. ಮುಖ ಕಂಡರೆ ಆ ಗೊಂದಲ ಇರುವುದಿಲ್ಲ. ಪುಣೆಯ ಅಕ್ಕನವರೇ, ನಿಮಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಅತ್ತೆಯವರ ಅಂಜಿಕೆ ಸುಳ್ಳೇ?

ಅಲ್ಲ. ಹಳಬರು, ಏನೂ ಗೊತ್ತಿಲ್ಲ ಎಂದು ತಳ್ಳಿ ಹಾಕಬೇಡಿ.

ಮುಖ ನೋಡಿ ತೀರ್ಮಾನ ಮಾಡುವುದು ಮನುಷ್ಯರ ಹಳೆಯ ಚಾಳಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲ್ಲಿಸ್ ಮತ್ತು ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ನೋಡಿದರೂ ಸಾಕು, "ಇವರು ನಂಬಿಕಸ್ಥರು, ಇವರು ಸಮರ್ಥರು" ಎಂದು ಜನ ಅಂದಾಜು ಕಟ್ಟಿಬಿಡುತ್ತಾರೆ. ಹೆಚ್ಚು ಹೊತ್ತು ನೋಡಿದರೂ ಆ ಅಂದಾಜು ಅಷ್ಟೇನೂ ಬದಲಾಗುವುದಿಲ್ಲ!

ಇಸ್ರೇಲಿನ ಒಂದು ಪ್ರಯೋಗ ಇನ್ನೂ ಸ್ವಾರಸ್ಯಕರ. ಅಲ್ಲಿ ಅರ್ಜಿಗೆ ಫೋಟೋ ಹಚ್ಚುವುದು ಅರ್ಜಿದಾರರ ಇಷ್ಟ. ರಫಲ್ ಮತ್ತು ಶ್ಟುಡಿನರ್ ಎಂಬ ಇಬ್ಬರು 2,656 ಹುದ್ದೆಗಳಿಗೆ 5,312 ಅರ್ಜಿಗಳನ್ನು ಕಳಿಸಿದರು. ಪ್ರತಿ ಹುದ್ದೆಗೂ ಎರಡು ಅರ್ಜಿ, ಒಂದರಲ್ಲಿ ಫೋಟೋ ಇದೆ, ಇನ್ನೊಂದರಲ್ಲಿ ಇಲ್ಲ. ಗಂಡಸರಲ್ಲಿ ನೋಡಲು ಚೆನ್ನಾಗಿದ್ದವರಿಗೆ ನೂರಕ್ಕೆ ಸುಮಾರು 20, ಸಾಧಾರಣ ರೂಪದವರಿಗೆ ಸುಮಾರು 14, ಫೋಟೋ ಇಲ್ಲದವರಿಗೆ ಸುಮಾರು 9 ಕರೆ ಬಂದವು. ಹೆಂಗಸರಲ್ಲಿ ಲೆಕ್ಕ ತಲೆಕೆಳಗು. ಫೋಟೋ ಹಾಕದವರಿಗೇ ಹೆಚ್ಚು ಕರೆ! ಚೆಂದದ ಹೆಣ್ಣುಮಕ್ಕಳಿಗೂ ಫೋಟೋದಿಂದ ಲಾಭ ಆಗಲಿಲ್ಲ. ಇದು ಪ್ರಕಟವಾದದ್ದು 2015ರಲ್ಲಿ.

ಜರ್ಮನಿಯಲ್ಲಿ ಅರ್ಜಿಗೆ ಫೋಟೋ ಹಚ್ಚುವ ರೂಢಿ ಇದೆ. 2016ರಲ್ಲಿ ಅಲ್ಲಿಂದ ಬಂದ ಅಧ್ಯಯನದಲ್ಲಿ ಒಬ್ಬಳೇ ಹೆಣ್ಣುಮಗಳ ಫೋಟೋವನ್ನು ಮೂರು ರೀತಿ ಬಳಸಿದ್ದರು. ಜರ್ಮನ್ ಹೆಸರಿನ ಅರ್ಜಿಗೆ ನೂರಕ್ಕೆ 18.8 ಕರೆ, ಟರ್ಕಿಯ ಹೆಸರಿಗೆ 13.5. ಅದೇ ಟರ್ಕಿಯ ಹೆಸರು, ತಲೆಗೆ ವಸ್ತ್ರ ಸುತ್ತಿದ ಫೋಟೋ ಇದ್ದರೆ ಬರೀ 4.2! ಓದು ಅದೇ, ಅನುಭವ ಅದೇ.

ನಮ್ಮ ದೇಶದಲ್ಲಿ ಹೇಗೆ? ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಕಂಪನಿಗಳಿಗೆ ಕಳಿಸಿದ ಅರ್ಜಿಗಳಲ್ಲಿ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಅದೇ ಅರ್ಹತೆ ಇದ್ದರೂ ಕಡಿಮೆ ಕರೆ ಬಂದದ್ದು ಕಂಡಿತು. ಅಂದರೆ ಫೋಟೋ ಮುಚ್ಚಿಟ್ಟ ಮಾತ್ರಕ್ಕೆ ಎಲ್ಲವೂ ಮುಚ್ಚಿಕೊಳ್ಳುವುದಿಲ್ಲ. ಭೇದ ಮಾಡುವವರಿಗೆ ಹೆಸರೇ ಸಾಕು. ಆ ತಪ್ಪು ಅವರದ್ದು, ನಿಮ್ಮ ಮುಖದ್ದಲ್ಲ.

ಇನ್ನು ಫೋಟೋ ಕದಿಯುವವರ ಮಾತು. 2022ರ ಜನವರಿಯಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಜಾಲತಾಣಗಳಿಂದ ಎತ್ತಿ ಹರಾಜಿಗಿಟ್ಟಂತೆ ತೋರಿಸಿದ ನೀಚ ಆ್ಯಪ್ ಒಂದರ ಸುದ್ದಿ ನೆನಪಿರಬಹುದು. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೋಗೆ ಅಂಟಿಸಿ ಹರಡಿದ್ದೂ ಆಯಿತು. ಹಾಗಾಗಿ ಅಂಜಿಕೆಗೆ ಕಾರಣವಿದೆ. ಆದರೆ ಲಿಂಕ್ಡ್‌ಇನ್‌ನಲ್ಲಿ ಹಾಕದೆ ಫೇಸ್‌ಬುಕ್‌ನಲ್ಲಿ ಇಡೀ ಮದುವೆ ಆಲ್ಬಮ್ ಎಲ್ಲರಿಗೂ ಕಾಣುವಂತೆ ಬಿಟ್ಟರೆ ಏನು ಬಂತು? ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟಂತೆ!

ನಡುವಿನ ದಾರಿಯೂ ಇದೆ

ಹಾಕುವುದು, ಬಿಡುವುದು ಎರಡೇ ದಾರಿ ಎಂದು ಬಹಳ ಜನ ತಿಳಿದಿದ್ದಾರೆ. ಫೋಟೋ ಯಾರಿಗೆ ಕಾಣಬೇಕು ಎಂದು ನೀವೇ ಆರಿಸಬಹುದು. ನಿಮ್ಮ ಸಂಪರ್ಕದಲ್ಲಿ ಇರುವವರಿಗೆ ಮಾತ್ರವೋ, ಅವರ ಪರಿಚಯದವರಿಗೂ ಸೇರಿಯೋ, ತಾಣದ ಎಲ್ಲ ಸದಸ್ಯರಿಗೋ, ಅಥವಾ ಹೊರಗಿನ ಯಾರಿಗೆ ಬೇಕಾದರೂ ಸರಿಯೋ, ಫೋಟೋದ ಸೆಟ್ಟಿಂಗ್‌ನಲ್ಲಿ ಈ ಆಯ್ಕೆಗಳು ಸಿಗುತ್ತವೆ.

ತೀರ್ಮಾನಕ್ಕೆ ಮುಂಚೆ ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ನನಗೆ ಕೆಲಸ ಯಾರ ಮೂಲಕ ಸಿಗಬಹುದು? ಹಳೆಯ ಪರಿಚಯದಿಂದ ಎಂದಾದರೆ ಫೋಟೋ ಬಹಳ ಸಹಾಯಕ. ಬರೀ ಅರ್ಜಿ ಹಾಕಿ ಎಂದಾದರೆ ಅಷ್ಟೇನೂ ಇಲ್ಲ.

ಎರಡು, ನನ್ನ ಕೆಲಸದಲ್ಲಿ ಮುಖ ಮುಖ್ಯವೇ? ಮಾರಾಟ, ವಿಮೆ, ಪಾಠ ಹೇಳುವುದು, ಸಲಹೆ ಕೊಡುವುದು ಮುಂತಾದ ಕೆಲಸಗಳಲ್ಲಿ ಜನ ಮೊದಲು ಮನುಷ್ಯರನ್ನು ನಂಬಬೇಕು. ಲೆಕ್ಕ ಬರೆಯುವುದಕ್ಕೆ, ಪ್ರೋಗ್ರಾಂ ಬರೆಯುವುದಕ್ಕೆ ಕೆಲಸವೇ ಮಾತಾಡುತ್ತದೆ.

ಮೂರು, ನನ್ನನ್ನು ಯಾರಾದರೂ ಹುಡುಕಬಾರದು ಎಂದಿದೆಯೇ? ಕಾಡುವವರ ಕೈಯಿಂದ ತಪ್ಪಿಸಿಕೊಂಡು ಬಂದವರು, ಹಿಂಸೆಯ ಸಂಸಾರ ಬಿಟ್ಟು ಊರು ಬದಲಿಸಿದವರು ಖಂಡಿತ ಹಾಕಬೇಡಿ. ಅಂಥವರು ಊರು, ಕಂಪನಿಯ ಹೆಸರು ಬರೆಯುವಾಗಲೂ ಜೋಪಾನ. ಇದರಲ್ಲಿ ಸಂಕೋಚವೇನೂ ಬೇಡ.

ಹಾಕುವುದಾದರೆ ಹೇಗೆ?

ಸ್ಟುಡಿಯೋಗೆ ಹೋಗಿ ದುಡ್ಡು ಸುರಿಯಬೇಕಾಗಿಲ್ಲ. ಬೆಳಗ್ಗೆ ಕಿಟಕಿಗೆ ಮುಖ ಮಾಡಿ ನಿಂತು ಮನೆಯವರ ಕೈಲಿ ಮೊಬೈಲಿನಲ್ಲಿ ತೆಗೆಸಿ. ಹಿಂದೆ ಖಾಲಿ ಗೋಡೆ ಇರಲಿ, ಬಟ್ಟೆ ಒಣಹಾಕಿದ ಹಗ್ಗ ಬೇಡ. ಭುಜದವರೆಗೆ ಸಾಕು. ಸಂದರ್ಶನಕ್ಕೆ ಏನು ತೊಡುತ್ತೀರೋ ಅದನ್ನೇ ತೊಡಿ. ಸೀರೆಯಾದರೂ ಸರಿ, ಕುಂಕುಮ ಇದ್ದರೂ ಸರಿ.

ಮದುವೆಯ ಬಯೋಡಾಟಾಕ್ಕೆ ತೆಗೆಸಿದ್ದ ಫೋಟೋ ಬೇಡ. ಗುಂಪು ಫೋಟೋದಿಂದ ಕತ್ತರಿಸಿ, ಭುಜದ ಮೇಲೆ ಭಾವನ ಕೈ ಉಳಿದ ಫೋಟೋ ಅಂತೂ ಬೇಡವೇ ಬೇಡ! ದೇವರ ಪಟ, ಗುಲಾಬಿ ಹೂ, ಮಗುವಿನ ಫೋಟೋ ಹಾಕುವವರೂ ಇದ್ದಾರೆ. ಅಲ್ಲಿ ನಿಮ್ಮದೇ ಮುಖ ಇರಬೇಕೆಂಬುದು ತಾಣದ ನಿಯಮ, ಬೇರೆಯದ್ದನ್ನು ಅವರು ತೆಗೆದುಹಾಕಬಹುದು.

ಹೈದರಾಬಾದಿನಿಂದ 50 ದಾಟಿದ ಕೇಳುಗರೊಬ್ಬರು ಕೇಳಿದ್ದರು, "ಕೂದಲು ಕಪ್ಪಗಿದ್ದಾಗಿನ ಫೋಟೋ ಹಾಕಲೇ?" ಬೇಡ ಸಾರ್. ಸಂದರ್ಶನದ ಮೊದಲ ನಿಮಿಷ ಫೋಟೋಕ್ಕೂ ನಿಮಗೂ ತಾಳೆ ನೋಡುವುದರಲ್ಲೇ ಕಳೆದುಹೋಗುತ್ತದೆ. ಇಂದಿನ ಫೋಟೋ ಹಾಕಿ, ಇಲ್ಲವೇ ಏನೂ ಹಾಕಬೇಡಿ.

ಫೋಟೋ ಹಾಕದವರು ಆ ಕೊರತೆಯನ್ನು ಮಾತಿನಲ್ಲಿ ತುಂಬಿ. ಏನು ಕೆಲಸ ಬರುತ್ತದೆ ಎಂದು ಎರಡು ಸಾಲು ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಕೆಲಸ ಮಾಡಿದವರಿಂದ ಶಿಫಾರಸಿನ ನಾಲ್ಕು ಮಾತು ಬರೆಸಿ. ತವರಿನ ಹೆಸರನ್ನು ಹಿಂದಿನ ಹೆಸರಿನ ಜಾಗದಲ್ಲಿ ಸೇರಿಸಿ.

ಅಕಸ್ಮಾತ್ ಯಾರಾದರೂ ನಿಮ್ಮ ಫೋಟೋ ದುರುಪಯೋಗ ಮಾಡಿದರೆ ಮೊದಲು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ತಾಣಕ್ಕೂ, ಕೇಂದ್ರ ಗೃಹ ಇಲಾಖೆಯ ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣಕ್ಕೂ ದೂರು ಕೊಡಿ. ಹಣದ ಮೋಸವೂ ಆಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇರೆಯವರ ಗುರುತಿನಲ್ಲಿ ಗಣಕದ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಕೊನೆಗೆ ಅವರು ಏನು ಮಾಡಿದರು?

ಇದನ್ನೆಲ್ಲ ಪುಣೆಯ ಅಕ್ಕನಿಗೆ ಮೊದಲೇ ಬರೆದು ಕಳಿಸಿದ್ದೆವು. ಮೂರು ವಾರಕ್ಕೆ ಉತ್ತರ ಬಂತು. ಮಗಳೇ ಅಡುಗೆಮನೆ ಕಿಟಕಿ ಹತ್ತಿರ ನಿಲ್ಲಿಸಿ ಫೋಟೋ ತೆಗೆದಳಂತೆ. ಸಂಪರ್ಕದಲ್ಲಿ ಇರುವವರಿಗೆ ಮಾತ್ರ ಕಾಣುವಂತೆ ಹಾಕಿದ್ದಾರೆ. ಯಾರ್‍ಯಾರಿಗೆ ಕಾಣುತ್ತದೆ ಎಂದು ಅತ್ತೆಗೆ ತೋರಿಸಿದಾಗ ಅವರು, "ಹಂಗಾರ ಇರಲಿ ಬಿಡು" ಎಂದರಂತೆ. ಹುಬ್ಬಳ್ಳಿಯ ಹಳೆಯ ಸಹೋದ್ಯೋಗಿ ಒಬ್ಬರಿಗೆ ಇವರೇ ಕೋರಿಕೆ ಕಳಿಸಿದರು. ಹೊಸ ಅಡ್ಡಹೆಸರು ನೋಡಿ ಆಕೆಗೆ ಯಾರೆಂದು ತಿಳಿಯಲಿಲ್ಲವಂತೆ. ಒಪ್ಪಿಕೊಂಡ ಮೇಲೆ ಫೋಟೋ ಕಂಡಿತು, ಕೂಡಲೇ "ಅಯ್ಯ, ನೀನೇನಽ!" ಎಂದು ಬರೆದರು. ಆಕೆ ಈಗ ಇರುವುದೂ ಪುಣೆಯಲ್ಲೇ.

ಕೆಲಸ ಇನ್ನೂ ಸಿಕ್ಕಿಲ್ಲ. ಆ ಗೆಳತಿಯ ಆಫೀಸಿನಲ್ಲಿ ಮುಂದಿನ ವಾರ ಸಂದರ್ಶನ ಇದೆ. ನಮ್ಮೆಲ್ಲರ ಪರವಾಗಿ ಅವರಿಗೆ ಶುಭವಾಗಲಿ ಎನ್ನೋಣವೇ?

ನೀವು ಫೋಟೋ ಹಾಕಿದ್ದೀರಾ, ಇಲ್ಲವಾ? ಯಾಕೆ? ಬರೆದು ತಿಳಿಸಿ. ಮತ್ತೆ ಭಾನುವಾರ ಗಾಳಿಯಲ್ಲಿ ಸಿಗೋಣ. ಅಲ್ಲಂತೂ ಫೋಟೋ ಚಿಂತೆ ಇಲ್ಲ, ಬರೀ ದನಿ!