ಆಣೆಕಲ್ಲು ಮಳೆ: ಗೊನೆಗೆ ಬಿದ್ದ ಏಟು, ಕಣ್ಣಿಗೆ ಬಿದ್ದ ಏಟು

ಬೇಸಿಗೆ ಕಾಲಿಡುವ ಹೊತ್ತಿಗೆ ಒಂದೆರಡು ಸಂಜೆ ಆಣೆಕಲ್ಲು ಬಿದ್ದು ಹೋಗುವುದು ವಿಜಯಪುರ ಸೀಮೆಗೆ ಹೊಸದಲ್ಲ. 2014ರದು ಬೇರೆಯೇ. ಆ ವರ್ಷ ಫೆಬ್ರವರಿ ಕೊನೆಗೆ ಶುರುವಾದದ್ದು ಮಾರ್ಚ್ ಮಧ್ಯದವರೆಗೂ ಬಿಟ್ಟು ಬಿಟ್ಟು ಸುರಿಯಿತು. ಮಧ್ಯಪ್ರದೇಶದಿಂದ ಹಿಡಿದು ವಿದರ್ಭ, ಮರಾಠವಾಡ, ಸೊಲ್ಲಾಪುರ ದಾಟಿ ನಮ್ಮ ಉತ್ತರದ ಜಿಲ್ಲೆಗಳವರೆಗೆ ಅದರ ಹರವು ಇತ್ತು. ಜಿಲ್ಲೆಯ ಹೆಸರು ಆಗಿನ್ನೂ ಬಿಜಾಪುರ. ವಿಜಯಪುರವಾದದ್ದು ಅದೇ ವರ್ಷ ನವೆಂಬರ್ 1ಕ್ಕೆ.

ಆ ವಾರಗಳಲ್ಲಿ ಈ ಭಾಗದ ಹೊಲಗಳಲ್ಲಿ ಏನಿರುತ್ತದೆ ನೆನಪಿಸಿಕೊಳ್ಳಿ. ಹಿಂಗಾರಿ ಜೋಳ ಕೊಯ್ದು ಸಾಲಿನಲ್ಲೇ ಬಿದ್ದಿರುತ್ತದೆ, ಇಲ್ಲವೇ ತೆನೆ ಬಲಿತು ನಿಂತಿರುತ್ತದೆ. ಗೋಧಿ, ಕಡಲೆಯ ರಾಶಿ ನಡೆದಿರುತ್ತದೆ. ದ್ರಾಕ್ಷಿ ಪಡಗಳಲ್ಲಿ ಸಕ್ಕರೆ ಏರಿದ ಗೊನೆಗಳು, ಶೆಡ್‌ಗಳಲ್ಲಿ ಒಣಗುತ್ತಿರುವ ಮಣೂಕ (ಒಣದ್ರಾಕ್ಷಿ). ವರ್ಷದ ದುಡಿಮೆಯೆಲ್ಲ ಒಂದೇ ಹೊತ್ತಿಗೆ ಬಯಲಲ್ಲಿರುತ್ತದೆ. ಆದರೆ ಆಣೆಕಲ್ಲಿನ ಹಾನಿಯನ್ನು ಉದುರಿದ ಗೊನೆಯಲ್ಲಷ್ಟೇ ಎಣಿಸಿದರೆ ದ್ರಾಕ್ಷಿಯ ಮಟ್ಟಿಗೆ ಅದು ಅರ್ಧ ಲೆಕ್ಕ. ಉಳಿದರ್ಧ ಬಳ್ಳಿಯ ಒಳಗಿರುತ್ತದೆ, ಪಂಚನಾಮೆಗೆ ಬಂದವರ ಕಣ್ಣಿಗೆ ಕಾಣುವುದಿಲ್ಲ.

ಮೊದಲು ಮೋಡದ ಸಂಗತಿ. ಕಾಶ್ಮೀರ, ಹಿಮಾಚಲಗಳಲ್ಲಿ ಚಳಿಗಾಲದ ಹಿಮಪಾತಕ್ಕೆ ಕಾರಣವಾಗುವ ಪಶ್ಚಿಮದ ಗಾಳಿಯ ಕ್ಷೋಭೆಗಳು ಮೆಡಿಟರೇನಿಯನ್ ಕಡೆಯಿಂದ ಹೊರಟು ಬರುತ್ತವೆ. ಸಾಮಾನ್ಯವಾಗಿ ಅವು ಉತ್ತರ ಭಾರತದ ಮೇಲೇ ಹಾದು ಹೋಗುತ್ತವೆ. ಕೆಲವೊಮ್ಮೆ ಅವುಗಳ ಬಾಲ ದಕ್ಷಿಣಕ್ಕೆ ಇಳಿದು ದಖ್ಖನ್ನಿನ ಮೇಲೆ ಎತ್ತರದಲ್ಲಿ ತಣ್ಣನೆಯ ಗಾಳಿಯನ್ನು ಹರಡುತ್ತದೆ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯ ಮೇಲಿನ ಹೆಚ್ಚು ಒತ್ತಡದ ವಲಯ ಆಗ್ನೇಯದಿಂದ ತೇವವನ್ನು ಒಳನಾಡಿಗೆ ತಳ್ಳುತ್ತಿರುತ್ತದೆ. ಕೆಳಗೆ ಬಿಸಿ ಮತ್ತು ತೇವ, ಮೇಲೆ ಕೊರೆಯುವ ತಂಪು. 2014ರಲ್ಲಿ ಈ ಎರಡೂ ಮತ್ತೆ ಮತ್ತೆ ಕೂಡಿದವು. ಕಾಶ್ಮೀರದಲ್ಲಿ ಹಿಮವಾಗಿ ಇಳಿಯುವ ಗಾಳಿಯ ಬಳಗವೇ ನಮ್ಮ ಜಿಲ್ಲೆಯ ಬಬಲೇಶ್ವರದ ಪಡದಲ್ಲಿ ಕಲ್ಲಾಗಿ ಬೀಳಬಲ್ಲದು.

ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದಿಂದ ಗಾಳಿ ರಭಸದಿಂದ ಮೇಲೇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ತಲೆಯ ಮೇಲೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಹೋದರೆ ಉಷ್ಣಾಂಶ ಸೊನ್ನೆ. ಅದಕ್ಕಿಂತ ಮೇಲೆ ಹೋದ ಹನಿಗಳೆಲ್ಲ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೂ ನೀರಾಗಿಯೇ ತೇಲುತ್ತಿರುತ್ತವೆ. ಮಂಜಿನ ಸಣ್ಣ ಕಾಳೊಂದು ತಾಕಿದರೆ ಸಾಕು, ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಬಿದ್ದ ಕಲ್ಲನ್ನು ಅಡ್ಡಲಾಗಿ ಕೊಯ್ದರೆ ಒಳಗೆ ಉಳ್ಳಾಗಡ್ಡಿಯಂತೆ ಪದರ ಕಾಣುತ್ತವೆ: ನೀರು ಸಾವಕಾಶ ಹೆಪ್ಪುಗಟ್ಟಿದ ಕಡೆ ಗಾಜಿನಂಥ ಪದರ, ತಟ್ಟನೆ ಹೆಪ್ಪುಗಟ್ಟಿ ಗಾಳಿಯ ಗುಳ್ಳೆ ಒಳಗೇ ಸಿಕ್ಕಿಕೊಂಡ ಕಡೆ ಬಿಳಿ ಪದರ. ಮೇಲೇರುವ ಗಾಳಿಗೆ ಹೊತ್ತುಕೊಳ್ಳಲಾರದಷ್ಟು ತೂಕ ಬಂದಾಗ ಕಲ್ಲು ಕೆಳಗೆ ಬೀಳುತ್ತದೆ.

ಕಲ್ಲಿನ ಗಾತ್ರವನ್ನು ಹಗುರವಾಗಿ ನೋಡಬಾರದು. ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಬೀಳುವ ವೇಗವೂ ಏರುತ್ತದೆ. ಒಟ್ಟು ಏಟಿನ ಶಕ್ತಿ ಹೆಚ್ಚುಕಡಿಮೆ ಹದಿನಾರು ಪಟ್ಟು. ಎರಡೂವರೆ ಸೆಂಟಿಮೀಟರ್ ದಾಟಿದ ಕಲ್ಲು ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬಡಿಯುತ್ತದೆ. 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದ್ ಬಳಿ ಆಣೆಕಲ್ಲಿಗೆ 246 ಜನ ಸತ್ತರು; ಜಾಗತಿಕ ಹವಾಮಾನ ಸಂಸ್ಥೆಯ ದಾಖಲೆಯಲ್ಲಿ ಆಣೆಕಲ್ಲಿನಿಂದಾದ ಅತಿ ದೊಡ್ಡ ಸಾವು ಇಂದಿಗೂ ಅದೇ. ಬಯಲಲ್ಲಿ ಕುರಿ ಕಾಯುವವರು ಮೋಡ ಕಪ್ಪಾದ ಕೂಡಲೇ ಸೂರು ಹುಡುಕಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು, ಇಂಥ ಮೋಡದಲ್ಲಿ ಸಿಡಿಲೂ ಇರುತ್ತದೆ.

ಮುಂಗಾರಿನಲ್ಲಿ ಇಷ್ಟು ಮಳೆ ಬಂದರೂ ಕಲ್ಲು ಏಕೆ ಬೀಳುವುದಿಲ್ಲ ಎಂದರೆ, ಆಗ ಸೊನ್ನೆ ಡಿಗ್ರಿಯ ಮಟ್ಟ ಇನ್ನೂ ಮೇಲಿರುತ್ತದೆ, ಮೇಲೇರುವ ಗಾಳಿಗೂ ಬೇಸಿಗೆಯ ರಭಸ ಇರುವುದಿಲ್ಲ. ಹುಟ್ಟಿದ ಕಾಳು ದಾರಿಯಲ್ಲೇ ಕರಗಿ ಹನಿಯಾಗುತ್ತದೆ.

ಇನ್ನು ಪಡಕ್ಕೆ ಬರೋಣ. ಈ ಸೀಮೆಯಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ. ಏಪ್ರಿಲ್ ಹೊತ್ತಿನದು ಹೊಸ ಕಡ್ಡಿ ಬೆಳೆಸಲು, ಅಕ್ಟೋಬರ್ ಹೊತ್ತಿನದು ಹಣ್ಣಿಗೆ. ಏಪ್ರಿಲ್ ಚಾಟ್ನಿಯಾದ ಮೇಲೆ ಸುಮಾರು 40ರಿಂದ 60 ದಿನಗಳ ನಡುವೆ ಹೊಸ ಕಡ್ಡಿಯ ಒಂದೊಂದು ಕಣ್ಣಿನೊಳಗೆ (ಚಿಗುರೊಡೆಯುವ ಮೊಗ್ಗಿನೊಳಗೆ) ಮುಂದಿನ ವರ್ಷದ ಗೊನೆಯ ಮೊಳಕೆ ಕೂಡುತ್ತದೆ. ಅಂದರೆ ಬರುವ ಫೆಬ್ರವರಿಯಲ್ಲಿ ಎಷ್ಟು ಗೊನೆ ಎಂಬುದು ಹಿಂದಿನ ಮೇ, ಜೂನ್‌ನಲ್ಲೇ ತೀರ್ಮಾನವಾಗಿರುತ್ತದೆ.

ಮಾರ್ಚ್‌ನಲ್ಲಿ ಕಲ್ಲು ಬಿದ್ದರೆ ಹಾನಿ ಎದುರಿಗೇ ಕಾಣುತ್ತದೆ. ಕಾಯಿ ಸೀಳಿ ರಸ ಸೋರುತ್ತದೆ, ಎರಡು ದಿನದಲ್ಲಿ ಹುಳಿ ವಾಸನೆ, ಅದಾದ ಮೇಲೆ ಬೂಷ್ಟು. ಅದರ ಜೊತೆಗೆ ಎಲೆ ಹರಿದು ಹೋದ ಬಳ್ಳಿ ತನ್ನ ಕಾಂಡದಲ್ಲಿ ಕೂಡಿಡಬೇಕಾದ ಆಹಾರ ಕಡಿಮೆಯಾಗುತ್ತದೆ. ಏಪ್ರಿಲ್ ಚಾಟ್ನಿಯ ನಂತರದ ಚಿಗುರು ಸೊರಗುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳಿನ ಕಲ್ಲು ನನಗೆ ಇನ್ನೂ ಕೆಟ್ಟದ್ದೆನಿಸುತ್ತದೆ. ಆಗ ಪಡದಲ್ಲಿ ಒಂದೂ ಗೊನೆ ಇರುವುದಿಲ್ಲ. ನೋಡಲು ಬಂದವರಿಗೆ ನಾಲ್ಕು ಎಲೆ ಹರಿದ ಹಸಿರು ಚಪ್ಪರ ಅಷ್ಟೇ ಕಾಣುತ್ತದೆ, ಹಾನಿ ಏನೂ ಇಲ್ಲವೆಂದೇ ತೋರುತ್ತದೆ. ಮುರಿದದ್ದು ಮಾತ್ರ ಮುಂದಿನ ವರ್ಷದ ಗೊನೆ ಕೂಡಬೇಕಿದ್ದ ಕಡ್ಡಿ. ಬೆಳೆಗಾರನಿಗೆ ಅದು ತಿಳಿಯುವುದು ಅಕ್ಟೋಬರ್ ಚಾಟ್ನಿಯಾಗಿ ಚಿಗುರು ಬರಿದೇ ಹೊರಟಾಗ.

ಮಣೂಕದ ಕಥೆ ಬೇರೆ. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರಡಿ, ಎರಡು ವಾರಕ್ಕೂ ಹೆಚ್ಚು ನೆರಳಲ್ಲಿ ಒಣಗಿಸುತ್ತಾರೆ. ಗಾಳಿ ಆಡಲೆಂದೇ ಶೆಡ್ಡಿನ ಬದಿಗಳು ತೆರೆದಿರುತ್ತವೆ. ಅಡ್ಡಗಾಳಿಯ ಮಳೆಗೆ ಅದೇ ಮುಳುವು. ನೆನೆದ ಮಣೂಕ ಬಣ್ಣ ಕೆಟ್ಟು ಕಂದಾಗುತ್ತದೆ, ಬೂಷ್ಟು ಹಿಡಿಯುತ್ತದೆ. ವಿಜಯಪುರ, ತಾಸಗಾಂವ ಮಾರುಕಟ್ಟೆಗಳಲ್ಲಿ ದರ ನಿಂತಿರುವುದು ಬಣ್ಣದ ಮೇಲೆ. ಬದಿಗೆ ಇಳಿಬಿಡುವ ಪ್ಲಾಸ್ಟಿಕ್ ಪರದೆ ಶೆಡ್ಡಿಗೆ ಮೊದಲೇ ಕಟ್ಟಿರಬೇಕು, ಮೋಡ ಬಂದ ಮೇಲೆ ಹುಡುಕಿದರೆ ಆಗದು. ಮಳೆ ನಿಂತ ಕೂಡಲೇ ಪರದೆ ಎತ್ತಿಬಿಡಬೇಕು, ಇಲ್ಲದಿದ್ದರೆ ಒಳಗಿನ ಸೆಕೆಯೇ ಬೂಷ್ಟಿಗೆ ದಾರಿ.

ಕಲ್ಲು ಬಿದ್ದ ಮರುದಿನದ ಕೆಲಸ ಹೀಗೆ. ಮೊದಲು ಫೋಟೊ ಮತ್ತು ವಿಡಿಯೊ, ಜಾಗ ಮತ್ತು ಸಮಯ ದಾಖಲಾಗುವಂತೆ. ಒಡೆದ ಕಾಯಿಯ ಗೊನೆಗಳನ್ನು ಬೇರೆ ಮಾಡಿ ಪಡದಿಂದ ಆಚೆ ಹಾಕಬೇಕು. ಅವನ್ನು ಒಳ್ಳೆಯದರ ಜೊತೆ ಮಣೂಕಕ್ಕೆ ಹಾಕಿದರೆ ಸೋರಿದ ರಸ ಇಡೀ ಬಲೆಯನ್ನೇ ಅಂಟಾಗಿಸುತ್ತದೆ. ಕೊಯ್ಲಿಗೆ ಹತ್ತಿರದ ಹಣ್ಣಿಗೆ ಗಾಬರಿಯಲ್ಲಿ ಔಷಧ ಹೊಡೆಯಬಾರದು, ಉಳಿಕೆ ಅಂಶ ಹಣ್ಣಿನಲ್ಲೇ ಇರುತ್ತದೆ. ಗೊನೆ ಇಲ್ಲದ ಬಳ್ಳಿಯಾದರೆ ಮುರಿದ ಕಡ್ಡಿಯನ್ನು ಗಾಯದ ಕೆಳಗೆ ಕತ್ತರಿಸಿ, ಕಾಂಡದ ಗಾಯಗಳಿಗೆ ಶೇ 1ರ ಬೋರ್ಡೊ ದ್ರಾವಣ ಕೊಡುವುದು ಹಳೆಯ, ನಂಬಬಹುದಾದ ದಾರಿ: 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ.

ಪರಿಹಾರದ ಲೆಕ್ಕವನ್ನೂ ಬಿಡಿಸಿ ಹೇಳಬೇಕು. ಆಣೆಕಲ್ಲು ಕೇಂದ್ರ ಒಪ್ಪಿದ ವಿಪತ್ತುಗಳ ಪಟ್ಟಿಯಲ್ಲಿದೆ. 2014ರಲ್ಲಿ ಅರ್ಧಕ್ಕರ್ಧ ಬೆಳೆ ಹೋದರೆ ಮಾತ್ರ ನೆರವು ಸಿಗುತ್ತಿತ್ತು. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 12,000 ರೂಪಾಯಿ. 2015ರ ಬೇಸಿಗೆಯಲ್ಲೂ ಅಕಾಲಿಕ ಮಳೆ, ಕಲ್ಲು ದೇಶದ ಹಲವೆಡೆ ಹೊಲಗಳನ್ನು ಕೆಡಿಸಿದ ಮೇಲೆ ಆ ಏಪ್ರಿಲ್‌ನಲ್ಲಿ ಮಿತಿಯನ್ನು ಶೇ 33ಕ್ಕೆ ಇಳಿಸಿ, ಮೊತ್ತವನ್ನು 18,000ಕ್ಕೆ ಏರಿಸಿದರು. 2022ರಿಂದ ಅದು 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿಯೊಳಗೆ. ಎಕರೆಗೆ ಇಳಿಸಿದರೆ ಸುಮಾರು 9,000. ಲಕ್ಷಗಳ ಲೆಕ್ಕದಲ್ಲಿ ಖರ್ಚು ಬೇಡುವ ದ್ರಾಕ್ಷಿಗೆ ಇದು ಕೂಲಿಗೂ ಸಾಲದು.

ಆದ್ದರಿಂದ ವಿಮೆಯತ್ತ ನೋಡಲೇಬೇಕು. ದ್ರಾಕ್ಷಿ, ದಾಳಿಂಬೆಯಂಥ ಬೆಳೆಗಳು ಹವಾಮಾನ ಆಧಾರಿತ ಬೆಳೆ ವಿಮೆಯಡಿ ಬರುತ್ತವೆ. ಇದರಲ್ಲಿ ರೈತನ ಕಂತು ವಿಮಾ ಮೊತ್ತದ ಗರಿಷ್ಠ ಶೇ 5. ಹಣ ಸಿಗುವುದು ಹವಾಮಾನ ಕೇಂದ್ರದ ಅಂಕಿಯ ಮೇಲೆ. ಮಳೆಮಾಪಕಕ್ಕೆ ಕಲ್ಲು ಕಾಣುವುದಿಲ್ಲ, ಕರಗಿದ ನೀರಷ್ಟೇ ಕಾಣುತ್ತದೆ. ಪಡ ನೆಲಸಮವಾದ ದಿನವೂ ಅದು ಕೆಲವೇ ಮಿಲಿಮೀಟರ್ ತೋರಿಸಬಹುದು. ಕಲ್ಲಿನ ಪಟ್ಟಿ ಕಿರಿದಾದ್ದರಿಂದ ಅದೇ ಹೋಬಳಿಯ ಮಾಪಕ ಒಣಗಿಯೇ ಉಳಿಯಲೂಬಹುದು. ಈ ಯೋಜನೆಯಲ್ಲಿ ಆಣೆಕಲ್ಲನ್ನು ಹೆಚ್ಚುವರಿ ರಕ್ಷಣೆಯಾಗಿ ಸೇರಿಸಲು ಅವಕಾಶವಿದೆ. ಕಂತು ಕಟ್ಟುವಾಗಲೇ ಅದು ಸೇರಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ, ರಸೀದಿಯಲ್ಲಿ ನೋಡಿ. ಜೋಳ, ಕಡಲೆಯಂಥ ಬೆಳೆಗಳ ಫಸಲ್ ಬಿಮಾದಲ್ಲಿ ಆಣೆಕಲ್ಲು ಸ್ಥಳೀಯ ವಿಪತ್ತು. ಕಲ್ಲು ಬಿದ್ದ 72 ಗಂಟೆಯೊಳಗೆ ತಿಳಿಸಬೇಕು.

ಮುನ್ಸೂಚನೆಯ ಮಿತಿಯನ್ನೂ ತಿಳಿದಿರಬೇಕು. ಗುಡುಗು ಮಳೆಯ ವಾತಾವರಣ ಕೂಡುತ್ತಿದೆ ಎಂದು ಹವಾಮಾನ ಇಲಾಖೆ ಎರಡು ಮೂರು ದಿನ ಮೊದಲು ಹೇಳಬಲ್ಲದು. ಯಾವ ಊರಿನ ಮೇಲೆ ಎಂಬುದು ಕೆಲವೇ ಗಂಟೆ ಮುಂಚೆ ರಾಡಾರಿನಲ್ಲಿ ಕಂಡಾಗಷ್ಟೇ ಗೊತ್ತಾಗುತ್ತದೆ. ಆ ಅವಧಿಯಲ್ಲಿ ಶೆಡ್ಡಿನ ಪರದೆ ಇಳಿಸಬಹುದು, ದನ ಕಟ್ಟಬಹುದು, ರಾಶಿಗೆ ತಾಡಪಾಲು ಹೊದಿಸಬಹುದು. ಪಡವನ್ನು ಕಾಯುವುದು ಮೇಲೆ ಹೊದಿಸಿದ ಬಲೆ ಮಾತ್ರ. ಹಿಮಾಚಲದ ಸೇಬು ತೋಟಗಳಲ್ಲಿ ಅದು ಸಾಮಾನ್ಯ, ಇಲ್ಲಿ ಖರ್ಚಿನ ಕಾರಣಕ್ಕೆ ಅಪರೂಪ. ಆಕಾಶಕ್ಕೆ ಸದ್ದು ಹಾರಿಸಿ ಕಲ್ಲು ತಡೆಯುತ್ತೇವೆಂದು ಮಾರುವ ಫಿರಂಗಿಗಳಿಗೆ ವಿಜ್ಞಾನದ ಆಧಾರವಿಲ್ಲ. ಆ ಹಣವನ್ನು ಬಲೆಗೇ ಹಾಕುವುದು ಲೇಸು.

ಕಣ್ಣಿಗೆ ಬಿದ್ದ ಏಟಿಗೆ ಒಂದು ದಾಖಲೆ ಸಾಧ್ಯವಿದೆ. ಅಕ್ಟೋಬರ್ ಚಾಟ್ನಿಗೆ ಮುಂಚೆ ಕಡ್ಡಿ ತಪಾಸಣೆ ಮಾಡಿಸುವ ರೂಢಿ ದೊಡ್ಡ ಬೆಳೆಗಾರರಲ್ಲಿದೆ. ಪಡದ ಬೇರೆ ಬೇರೆ ಕಡೆಯ ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟರೆ, ಕಣ್ಣುಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಎಷ್ಟನೆಯ ಕಣ್ಣಿನಲ್ಲಿ ಗೊನೆ ಇದೆ, ಎಲ್ಲಿ ಇಲ್ಲ ಎಂದು ಬರೆದುಕೊಡುತ್ತಾರೆ. ಎಲ್ಲಿ ಕತ್ತರಿಸಬೇಕೆಂಬುದು ಅದರಿಂದ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕಲ್ಲು ಬಿದ್ದ ವರ್ಷ ಸಣ್ಣ ಬೆಳೆಗಾರರೂ ಇದನ್ನು ಮಾಡಿಸಬೇಕು. ಏಟು ತಿಂದ ಸಾಲು, ತಪ್ಪಿಸಿಕೊಂಡ ಸಾಲು ಎರಡರ ಕಡ್ಡಿಗಳನ್ನೂ ಬೇರೆ ಬೇರೆ ಕಟ್ಟಿ, ಗುರುತು ಬರೆದು ಕೊಡಬೇಕು. ಎರಡೂ ವರದಿಗಳನ್ನು ಬೇಸಿಗೆಯ ಫೋಟೊಗಳ ಜೊತೆಗಿಟ್ಟು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಒಂದು ಪ್ರತಿ ಸಲ್ಲಿಸಿ, ಸ್ವೀಕೃತಿ ಪಡೆಯಬೇಕು.