ವಾಸನೆ ತಡವಾಗಿ ಬರುವುದೇಕೆ?

ಅಂಗಡಿಗೆ ಹೊರಡುವ ಗಡಿಬಿಡಿಯ ಹೊತ್ತು. ನಮ್ಮ ಅಡಿಗೆಮನೆಯಲ್ಲಿ ಹಾಲು ಉಕ್ಕಿ ಗ್ಯಾಸ್ ಒಲೆ ಆರಿಹೋಗಿತ್ತು, ನಾಬು ಮಾತ್ರ ತೆರೆದೇ ಇತ್ತು. ಪಡಸಾಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಮೂಗಿಗೆ ವಾಸನೆ ತಗಲುವಷ್ಟರಲ್ಲಿ ಎಷ್ಟೋ ನಿಮಿಷ ಕಳೆದಿದ್ದವು. ದೇವರ ದಯೆ, ಅನಾಹುತವೇನೂ ಆಗಲಿಲ್ಲ. ಆದರೆ ಮನೆಯ ಹುಡುಗ ಒಂದು ಪ್ರಶ್ನೆ ಹಾಕಿದ: "ಅನಿಲದ ಕಣಗಳು ಬಂದೂಕಿನ ಗುಂಡಿನ ಹಾಗೆ ಓಡುತ್ತವೆ ಎಂದು ಪಾಠದಲ್ಲಿದೆ. ಹತ್ತು ಹೆಜ್ಜೆ ಬರಲು ಇಷ್ಟು ಹೊತ್ತೇ?"

ಹುಡುಗನ ತಕರಾರು ಹಳೆಯದೇ. ಅನಿಲದ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುತ್ತವೆಂದು ಜರ್ಮನ್ ವಿಜ್ಞಾನಿ ಕ್ಲಾಸಿಯಸ್ 1857ರಲ್ಲಿ ಲೆಕ್ಕಹಾಕಿ ತೋರಿಸಿದರು. ಹಾಗಿದ್ದರೆ ಕೋಣೆಯಲ್ಲಿ ತಂಬಾಕಿನ ಹೊಗೆ ಪದರ ಪದರವಾಗಿ ನಿಂತೇ ಇರುವುದೇಕೆ ಎಂದು ಹಾಲೆಂಡಿನ ಹವಾಮಾನ ತಜ್ಞ ಬೈಸ್ ಬ್ಯಾಲಟ್ ಕೇಳಿದರು. 1858ರಲ್ಲಿ ಕ್ಲಾಸಿಯಸ್ ಕೊಟ್ಟ ಉತ್ತರ ಸರಳ: ವೇಗವೇನೋ ಇದೆ, ದಾರಿ ಬಿಡುವವರಿಲ್ಲ!

ಸಂತೆಯ ದಿನ ಪೇಟೆ ಬೀದಿಯಲ್ಲಿ ಓಡಲು ಹೊರಟವನ ಪಾಡು ಇದು. ನಾವು ಉಸಿರಾಡುವ ಗಾಳಿಯ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದ್ದು. ಆದರೆ ಒಂದು ಮಿಲಿಮೀಟರಿನ 14,000ದಲ್ಲಿ ಒಂದು ಪಾಲಿನಷ್ಟು ಸಾಗುವುದರೊಳಗೆ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಸೆಕೆಂಡಿಗೆ ಇಂಥ ಡಿಕ್ಕಿಗಳು ಸುಮಾರು 700 ಕೋಟಿ! ಪ್ರತಿ ಸಲವೂ ದಿಕ್ಕು ಬದಲು. ಮುಂದೆ ಹೋದದ್ದು ಹಿಂದಕ್ಕೂ ಬಂದೀತು. ಎರಡರಷ್ಟು ದೂರ ಹರಡಲು ನಾಲ್ಕರಷ್ಟು ಕಾಲ ಬೇಕು. ಗಾಳಿ ಸ್ವಲ್ಪವೂ ಅಲುಗದಿದ್ದರೆ ಅಡಿಗೆಮನೆಯ ವಾಸನೆ ಪಡಸಾಲೆಗೆ ಬರಲು ಗಂಟೆಗಟ್ಟಲೆ, ದಿನಗಟ್ಟಲೆ ಹಿಡಿದೀತು. ಬೇಗ ತರುವುದು ಗಾಳಿಯ ಸುಳಿಯೇ ಹೊರತು ಅಣುವಿನ ಓಟವಲ್ಲ.

ಅಡಿಗೆ ಅನಿಲದಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿರುವ ಪ್ರೊಪೇನ್, ಬ್ಯೂಟೇನ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ಕೆಳಗಿಳಿದು ಕಟ್ಟೆಯ ಕೆಳಗೆ, ನೆಲದ ಮೂಲೆಯಲ್ಲಿ ತಂಗುತ್ತದೆ. ನಿಂತವರ ಮೂಗು ಮೇಲಿರುತ್ತದೆ. ಅದಕ್ಕೆ ಸ್ವಂತ ವಾಸನೆಯೂ ಇಲ್ಲ. ನಮ್ಮ ಎಚ್ಚರಿಕೆಗಾಗಿ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಅನಿಲವಿದ್ದರೂ ಒಂದು ಕಿಡಿ ಸಾಕು. ಆದ್ದರಿಂದ ವಾಸನೆ ಬಂದಾಗ "ಈಗಷ್ಟೇ ಸೋರಿದೆ" ಎಂದು ತಿಳಿಯಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು. ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು.

ಅಂದು ವಾಸನೆ ಓಡಿಸಲೆಂದು ನಮ್ಮ ಕೈ ಫ್ಯಾನಿನ ಸ್ವಿಚ್ಚಿನವರೆಗೂ ಹೋಗಿತ್ತು. ಹಿತ್ತಲಿನಿಂದ ಅತ್ತಿಗೆ ಕೂಗಿದ್ದರಿಂದ ಅಲ್ಲಿಗೇ ನಿಂತಿತು.