ದ್ವೀಪದ ಕುಣಿತವೂ ಅದರ ಪಿಟೀಲೂ

ಪಿಟೀಲೆಂದರೆ ನಮ್ಮಲ್ಲಿ ಕಛೇರಿಯ ವಾದ್ಯ. ವಿದ್ವಾಂಸರು ಜಮಖಾನದ ಮೇಲೆ ಕುಳಿತು, ವಾದ್ಯದ ತಲೆಯನ್ನು ಕಾಲಿನ ಮೇಲೆ ಆನಿಸಿಕೊಂಡು ನುಡಿಸುತ್ತಾರೆ. ಕೇಳುವವರು ತೊಡೆಯ ಮೇಲೆ ತಾಳ ಹಾಕುತ್ತ ತಲೆದೂಗುತ್ತಾರೆ. ಸಂಗೀತವು ಎಷ್ಟೇ ರಸವತ್ತಾಗಿರಲಿ, ಸಭೆಯಲ್ಲಿ ಯಾರಾದರೂ ಎದ್ದು ಕುಣಿಯತೊಡಗಿದರೆ ಪಕ್ಕದವರು ಕೈ ಹಿಡಿದು ಕೂರಿಸುವುದು ಖಂಡಿತ. ಇದೇ ವಾದ್ಯವನ್ನು ಕುಣಿತಕ್ಕೆಂದೇ ತಲೆತಲಾಂತರದಿಂದ ಬಳಸಿಕೊಂಡು ಬಂದ ದ್ವೀಪವೊಂದುಂಟು. ಅದು ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿರುವ ಕೇಪ್ ಬ್ರೆಟನ್. ಅಲ್ಲಿಯ ಪಿಟೀಲು ಇನ್ನು ಅಳಿದೇ ಹೋಯಿತೆಂದು ಒಮ್ಮೆ ಹುಯಿಲೆದ್ದಿತು. ಆಮೇಲೆ ಅದು ಉಳಿದುಕೊಂಡ ಬಗೆಯನ್ನು ಈ ದಿನ ವಿವರಿಸಬೇಕೆಂದಿದ್ದೇವೆ.

ಈ ದ್ವೀಪವು ನೋವಾ ಸ್ಕೋಷಿಯಾ ಪ್ರಾಂತಕ್ಕೆ ಸೇರಿದ್ದು. ಸುಮಾರು 10,000 ಚದರ ಕಿಲೋಮೀಟರುಗಳ ವಿಸ್ತಾರವುಳ್ಳದ್ದು. ಮಿಗ್ಮಾ ಎಂಬ ಮೂಲನಿವಾಸಿಗಳ ನೆಲ ಅದು. ಫ್ರೆಂಚ್ ಮಾತಾಡುವ ಅಕೇಡಿಯನ್ನರೂ ಅಲ್ಲಿ ಬಹುಕಾಲದಿಂದ ಇದ್ದಾರೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಸ್ಕಾಟ್‌ಲೆಂಡಿನ ಮಲೆನಾಡಿನಿಂದಲೂ ಅದರ ಪಶ್ಚಿಮದ ದ್ವೀಪಗಳಿಂದಲೂ ಸಹಸ್ರಾರು ಮಂದಿ ಹಡಗು ಹತ್ತಿ ಇಲ್ಲಿಗೆ ಬಂದರು. ಕೆಲವರು ಒಳ್ಳೆಯ ಭೂಮಿಯ ಆಸೆಯಿಂದ ತಾವಾಗಿಯೇ ಹೊರಟವರು. ಅನೇಕರು, ಕುರಿ ಸಾಕಣೆಯಲ್ಲಿ ಹೆಚ್ಚು ಲಾಭ ಕಂಡ ಜಮೀನುದಾರರು ಒಕ್ಕಲೆಬ್ಬಿಸಿದ್ದರಿಂದ ಬೇರೆ ಗತಿಯಿಲ್ಲದೆ ಬಂದವರು. ಅವರ ಮಾತು ಗೇಲಿಕ್. 1955ರಲ್ಲಿ ಕಾನ್ಸೋ ಜಲಸಂಧಿಗೆ ಅಡ್ಡಲಾಗಿ ಕಲ್ಲಿನ ಏರಿಯನ್ನು ಕಟ್ಟುವವರೆಗೂ ಆ ದ್ವೀಪಕ್ಕೆ ಹೊರಗಿನಿಂದ ರಸ್ತೆಯಿರಲಿಲ್ಲ. ಹೀಗಾಗಿ ತಾಯ್ನಾಡಿನಲ್ಲಿ ಮಾಸಿಹೋದ ಎಷ್ಟೋ ಪದ್ಧತಿಗಳು ಇಲ್ಲಿ ಹೊಸದಾಗಿಯೇ ಉಳಿದುವು.

ಆ ಪದ್ಧತಿಗಳಲ್ಲಿ ಮುಖ್ಯವಾದದ್ದು ಪಿಟೀಲಿನ ಮಟ್ಟುಗಳು. ಜಿಗ್, ಸ್ಟ್ರಾತ್‌ಸ್ಪೇ, ರೀಲ್ ಎಂದು ಅವುಗಳಲ್ಲಿ ಮೂರು ಮುಖ್ಯ ಜಾತಿಗಳು. ಜಿಗ್ಗಿನ ನಡೆ ನಮ್ಮ ತಿಶ್ರವನ್ನು ನೆನಪಿಗೆ ತರುತ್ತದೆ. ಸ್ಪೇ ಎಂಬ ಸ್ಕಾಟಿಷ್ ನದಿಯ ಕಣಿವೆಯಿಂದ ಹೆಸರು ಪಡೆದ ಸ್ಟ್ರಾತ್‌ಸ್ಪೇ ಗಂಭೀರ ಗತಿಯದು. ಅದರಲ್ಲಿ ಹ್ರಸ್ವಸ್ವರವೊಂದು ಚಿಟಿಕೆ ಹೊಡೆದಂತೆ ಮುಂದಿನ ದೀರ್ಘಸ್ವರದ ಮೇಲೆ ಬಂದು ಬೀಳುತ್ತದೆ. ರೀಲ್ ಎಂಬುದು ಒಂದೇ ಸಮನೆ ಓಡುವ ದ್ರುತ ನಡೆ. ನುಡಿಸುವವನು ಸ್ಟ್ರಾತ್‌ಸ್ಪೇಯಿಂದ ರೀಲಿಗೆ ಎಲ್ಲಿಯೂ ನಿಲ್ಲದೆ ಹಾಯುತ್ತಾನೆ. ಆ ಹಾಯುವಿಕೆಯ ಕ್ಷಣದಲ್ಲಿ ಸಭೆಯಿಂದ ಕೇಕೆ ಏಳುತ್ತದೆ. ಜೊತೆಗೆ ಪಿಯಾನೋ. ಪಿಯಾನೋ ಬರುವುದಕ್ಕೆ ಮುಂಚೆ ಕಾಲಿನಿಂದ ಗಾಳಿಯೂದುವ ಆರ್ಗನ್ ಇತ್ತು. ಅದಕ್ಕೂ ಮುಂಚೆ ಪಿಟೀಲುಗಾರನ ಪಾದಗಳೇ ಮೃದಂಗ.

ಇಲ್ಲೊಂದು ಚಿಕ್ಕ ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಮೈಸೂರಿನ ಚೌಡಯ್ಯನವರು ಪಿಟೀಲಿನ ನಾದವು ಸಭೆಯ ಕೊನೆಯ ಸಾಲಿಗೂ ಮುಟ್ಟಲೆಂದು ಮೂರು ತಂತಿಗಳನ್ನು ಹೆಚ್ಚಾಗಿ ಸೇರಿಸಿ ಏಳು ತಂತಿಯ ವಾದ್ಯವನ್ನು ನುಡಿಸಿದುದು ಎಲ್ಲರಿಗೂ ತಿಳಿದದ್ದೇ. ಕೇಪ್ ಬ್ರೆಟನ್ನಿನ ಹಳಬರಿಗೂ ಇದೇ ತೊಡಕು ಎದುರಾಗಿತ್ತು: ನಲವತ್ತು ಐವತ್ತು ಜನ ಹಲಗೆಯ ನೆಲವನ್ನು ತುಳಿಯುತ್ತಿದ್ದರೆ ಒಂದು ಪಿಟೀಲು ಕೇಳಿಸುವುದೆಂತು? ಅವರು ತಂತಿಗಳನ್ನು ಹೆಚ್ಚಿಸಲಿಲ್ಲ. ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಮೇಲಕ್ಕೇರಿಸಿ, ಮೇಲಿನ ಎರಡು ತಂತಿಗಳಿಗೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿದರು. ಆಗ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಅನುರಣಿಸಿ, ಒಂದು ಪಿಟೀಲು ಎರಡರಂತೆ ಕೇಳುತ್ತದೆ.

ಇನ್ನು ಕುಣಿತ. ಇದರಲ್ಲಿ ಎರಡು ಬಗೆ. ಒಂದು, ಜೋಡಿ ಜೋಡಿಯಾಗಿ ನಿಂತು ಆಡುವ ಚೌಕದ ಕುಣಿತ. ‘ಸೆಟ್’ ಎಂದು ಅದಕ್ಕೆ ಹೆಸರು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ದೊಡ್ಡ ಮನೆಗಳಲ್ಲಿ ಹುಟ್ಟಿದ ಕ್ವಾಡ್ರಿಲ್ಲಿನ ಮಕ್ಕಳು ಇವು. ಇಲ್ಲಿಗೆ ಬಂದು ಸಂಪೂರ್ಣ ಹಳ್ಳಿಗರಾಗಿವೆ. ಎರಡನೆಯದು ಒಬ್ಬೊಬ್ಬರೇ ಆಡುವ ಹೆಜ್ಜೆ ಕುಣಿತ. ಇದರ ಸೊಗಸೆಲ್ಲ ಮಂಡಿಯಿಂದ ಕೆಳಕ್ಕೆ. ಮೈ ನೆಟ್ಟಗೆ, ತೋಳುಗಳು ಸಡಿಲವಾಗಿ ಪಕ್ಕದಲ್ಲಿ. ಪಾದಗಳು ಮಾತ್ರ ನೆಲವನ್ನು ಬಿಟ್ಟೂ ಬಿಡದಂತೆ ಹಿಮ್ಮಡಿಯಿಂದಲೂ ತುದಿಬೆರಳಿನಿಂದಲೂ ಮಟ್ಟಿನ ಒಂದೊಂದು ಅಕ್ಷರವನ್ನೂ ಬಡಿದು ತೋರಿಸುತ್ತವೆ. ಎತ್ತರಕ್ಕೆ ಹಾರುವುದು, ಮೈ ಕುಲುಕಿಸುವುದು ಅಲ್ಲಿ ಅರಸಿಕತೆ. ಒಳ್ಳೆಯ ಪಿಟೀಲುಗಾರನು ಕುಣಿಯುವವರ ಕಾಲನ್ನು ನೋಡಿಕೊಂಡೇ ನುಡಿಸುತ್ತಾನೆ. ಗತಿ ತುಸು ಹೆಚ್ಚಿದರೂ ಹೆಜ್ಜೆ ಕಲಸಿಹೋಗುತ್ತದೆ, ತುಸು ಕುಗ್ಗಿದರೂ ಕಾಲು ಭಾರವಾಗುತ್ತದೆ. ಬಹುಕಾಲ ಈ ದ್ವೀಪದಲ್ಲಿ ಪಿಟೀಲಿಗೆ ಪರೀಕ್ಷಕರೆಂದು ಬೇರೆ ಯಾರೂ ಇರಲಿಲ್ಲ.

ಮಕ್ಕಳು ಇದನ್ನೆಲ್ಲ ಕಲಿಯುತ್ತಿದ್ದುದು ಅಡುಗೆಮನೆಯಲ್ಲಿ. ವಾದ್ಯವಿಲ್ಲದ ಹೊತ್ತಿನಲ್ಲಿ ತಾಯಂದಿರು ಗೇಲಿಕ್ ಮಾತುಗಳಿಂದಲೋ ಬರಿಯ ಸೊಲ್ಲುಗಳಿಂದಲೋ ಮಟ್ಟನ್ನು ಬಾಯಲ್ಲೇ ನುಡಿಸುತ್ತಿದ್ದರು. 1924ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಬಡ್ಡಿ ಮ್ಯಾಕ್‌ಮಾಸ್ಟರ್ ಎಂಬ ಮಹಾವಾದಕರು ಮೊದಲು ಮಟ್ಟುಗಳನ್ನು ಕೇಳಿದ್ದು ತಮ್ಮ ತಾಯಿಯ ಬಾಯಿಂದ. ಅವರು ಜೀವನೋಪಾಯಕ್ಕೆ ರೈಲ್ವೆಯಲ್ಲಿ ಕೆಲಸ ಮಾಡಿದರು. ರಾತ್ರಿಗಳಲ್ಲಿ ಊರೂರಿನ ಕುಣಿತಕ್ಕೆ ನುಡಿಸಿದರು. ಅವರ ಮೊದಲ ಸ್ವಂತ ಧ್ವನಿಮುದ್ರಣ ಹೊರಬಂದುದು ಅವರು ನಿವೃತ್ತರಾದ ಮೇಲೆ, 1989ರಲ್ಲಿ! ಧ್ವನಿಮುದ್ರಣವಿಲ್ಲದೆಯೂ ದ್ವೀಪಕ್ಕೆಲ್ಲ ಅವರು ಪರಿಚಿತರಾಗಿದ್ದರು.

ಎಲ್ಲ ಕಾಲದಲ್ಲಿಯೂ ಈ ಕಲೆಗೆ ಮನ್ನಣೆಯಿತ್ತೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ, ಕುಣಿತದೊಡನೆ ಕುಡಿತವೂ ಬರುತ್ತದೆಂದು ಮುನಿದು, ಮನೆಮನೆಯ ಪಿಟೀಲುಗಳನ್ನು ತರಿಸಿ ಸುಡಿಸಿದ ಪಾದ್ರಿಯೊಬ್ಬರ ಕಥೆಯನ್ನು ಆ ದ್ವೀಪದವರು ಈಗಲೂ ಹೇಳುತ್ತಾರೆ. ಕಥೆಯಲ್ಲಿ ಎಷ್ಟು ಪಾಲು ನಿಜವೋ, ಜನರು ಅದನ್ನು ಮರೆತಿಲ್ಲವೆಂಬುದಂತೂ ನಿಜ. ಆದರೆ ಪಾದ್ರಿಗೆ ಮಾಡದ ಕೆಲಸವನ್ನು ಇಪ್ಪತ್ತನೆಯ ಶತಮಾನವು ಸದ್ದಿಲ್ಲದೆ ಮಾಡತೊಡಗಿತು. ತರುಣರು ಕೆಲಸವನ್ನರಸಿ ಬಾಸ್ಟನ್, ಡೆಟ್ರಾಯಿಟ್, ಟೊರಾಂಟೋಗಳಿಗೆ ಹೊರಟರು. ಶಾಲೆಗಳಲ್ಲಿ ಇಂಗ್ಲಿಷೇ ನಡೆದು, ತಂದೆತಾಯಿಗಳು ಮಕ್ಕಳೊಡನೆ ಗೇಲಿಕ್ ಆಡುವುದನ್ನು ಬಿಟ್ಟರು. ಟೆಲಿವಿಷನ್ನೂ ಹೊಸ ಬಗೆಯ ಸಂಗೀತವೂ ಬಂದು ಅಡುಗೆಮನೆಯ ಮೇಳಗಳು ವಿರಳವಾದುವು.

1971ರಲ್ಲಿ ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆಗಾಗಿ ರಾನ್ ಮ್ಯಾಕಿನ್ನಿಸ್ ಎಂಬವರು ಒಂದು ಚಿತ್ರವನ್ನು ತಯಾರಿಸಿದರು. ‘ಕಣ್ಮರೆಯಾಗುತ್ತಿರುವ ಕೇಪ್ ಬ್ರೆಟನ್ ಪಿಟೀಲುಗಾರ’ ಎಂಬುದು ಅದರ ಹೆಸರಿನ ಅರ್ಥ. ನುಡಿಸುವವರೆಲ್ಲ ಮುದುಕರು, ಕಲಿಯುವ ಹುಡುಗರಿಲ್ಲ, ಇವರ ಕಾಲಕ್ಕೆ ಇದು ಮುಗಿಯಿತು ಎಂಬುದು ಅದರ ಸಾರಾಂಶ. ಆ ಚಿತ್ರವನ್ನು ಕಂಡು ದ್ವೀಪದವರಿಗೆ ಸಿಟ್ಟು ಬಂದಿತು. ನಮ್ಮ ಅಭಿಪ್ರಾಯದಲ್ಲಿ ಚಿತ್ರದ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ಸತ್ಯವೂ ಅಲ್ಲ: ನುಡಿಸುವವರು ಇನ್ನೂ ಬಹುಮಂದಿ ಇದ್ದರು, ಅವರ ಹಿಂದೆ ಬರುವವರು ಮಾತ್ರ ಕಡಮೆಯಾಗಿದ್ದರು. ಏನೇ ಆಗಲಿ, ಹೊಗಳಿಕೆಯಿಂದ ಆಗದಿದ್ದ ಉಪಕಾರ ಆ ಅವಮಾನದಿಂದಾಯಿತು. ಗ್ಲೆಂಡೇಲ್ ಎಂಬ ಹಳ್ಳಿಯ ಪಾದ್ರಿ ಜಾನ್ ಆಂಗಸ್ ರ‍್ಯಾಂಕಿನ್‌ರೂ ಇತರರೂ ಸೇರಿ, ಪಿಟೀಲುಗಾರರನ್ನು ಮನೆಮನೆಯಿಂದ ಕರೆತಂದರು. 1973ರ ಜುಲೈ ತಿಂಗಳಲ್ಲಿ ಅದೇ ಹಳ್ಳಿಯ ಬಯಲಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಒಂದೇ ವೇದಿಕೆಯ ಮೇಲೆ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸಿದರು. ಹಿಂದೆ ಪಿಟೀಲನ್ನು ಸುಡಿಸಿದರೆಂಬ ಅಪವಾದವನ್ನು ಹೊತ್ತ ಪಾದ್ರಿವರ್ಗದವರೊಬ್ಬರೇ ಇದಕ್ಕೆ ಮುಂದಾಳಾದುದನ್ನು ಗಮನಿಸಬೇಕು.

ಅದರ ಬೆನ್ನಿಗೇ ಪಾಠಗಳು ಆರಂಭವಾದುವು. ಸ್ಟಾನ್ ಚಾಪ್‌ಮನ್ ಎಂಬ ಶಿಕ್ಷಕರ ಬಳಿ ಕಲಿತ ಮಕ್ಕಳಲ್ಲಿ ನಟಾಲಿ ಮ್ಯಾಕ್‌ಮಾಸ್ಟರ್, ಆಶ್ಲಿ ಮ್ಯಾಕ್‌ಐಸಾಕ್ ಮೊದಲಾದವರು 1990ರ ದಶಕದಲ್ಲಿ ದೇಶಾಂತರಗಳಲ್ಲಿ ಹೆಸರು ಮಾಡಿದರು. ಈಕೆ ಬಡ್ಡಿಯವರ ತಮ್ಮನ ಮಗಳು. ಪಿಟೀಲು ನುಡಿಸುತ್ತಲೇ ಹೆಜ್ಜೆ ಹಾಕುವುದರಲ್ಲಿ ನಿಪುಣೆ. 1997ರಿಂದ ಶರತ್ಕಾಲದಲ್ಲಿ ದ್ವೀಪದಲ್ಲೆಲ್ಲ ಒಂದು ದೊಡ್ಡ ಉತ್ಸವವೂ ನಡೆದುಬಂದಿದೆ. 2001ರಲ್ಲಿ ಕಲ್ಲಿದ್ದಲ ಗಣಿಗಾರಿಕೆಯೂ ಸಿಡ್ನಿ ಪಟ್ಟಣದ ಉಕ್ಕಿನ ಕಾರ್ಖಾನೆಯೂ ನಿಂತುಹೋದ ಆ ನಾಡಿಗೆ ಪ್ರವಾಸಿಗರ ಹಣವು ಸಣ್ಣ ಮಾತಲ್ಲ.

ನಾವು ಕಾಲೇಜಿನಲ್ಲಿ ಪಾಠ ಹೇಳುವವರು. ಯಾವುದೇ ವಿದ್ಯೆಯನ್ನು ಪಾಠಪಟ್ಟಿಗೆ ಸೇರಿಸಿಬಿಟ್ಟರೆ ಅದು ಬದುಕಿತೆಂದು ನಂಬುವುದು ನಮ್ಮ ವೃತ್ತಿಯವರಿಗೆ ಸಹಜ. ನಾವೂ ಬಹಳ ದಿನ ಹಾಗೆಯೇ ನಂಬಿದ್ದೆವು. ಕೇಪ್ ಬ್ರೆಟನ್ನಿನ ವೃತ್ತಾಂತವನ್ನು ಕೂಲಂಕಷವಾಗಿ ನೋಡಿದ ಮೇಲೆ ಆ ನಂಬಿಕೆ ಸಡಿಲವಾಗಿದೆ. ತರಗತಿಯಲ್ಲಿ ಕಲಿತ ಹುಡುಗಿಗೆ ಬೆರಳು ತಿರುಗುತ್ತದೆ, ಮಟ್ಟುಗಳು ಬಾಯಿಪಾಠವಾಗುತ್ತವೆ. ಆದರೆ ಮೂರು ಗಂಟೆಗಳ ಕಾಲ ಜನರನ್ನು ಕುಣಿಸಿದ ಹೊರತು ಕಮಾನಿಗೆ ಆ ತೂಕ ಬರುವುದಿಲ್ಲ. ವೇದಿಕೆಯ ಮೇಲೆ ಚಪ್ಪಾಳೆಗಾಗಿ ನುಡಿಸುವವರ ಗತಿ ವರ್ಷವರ್ಷಕ್ಕೂ ಏರುತ್ತದೆಂಬುದು ಅಲ್ಲಿಯ ಹಿರಿಯರ ದೂರು. ಆ ಗತಿಯನ್ನು ತಡೆದು ನಿಲ್ಲಿಸಬಲ್ಲವರು ಕುಣಿಯುವವರೊಬ್ಬರೇ. ವೆಸ್ಟ್ ಮಾಬೂ, ಗ್ಲೆಂಕೋ ಮಿಲ್ಸ್ ಎಂಬ ಪುಟ್ಟ ಊರುಗಳ ಸಭಾಗೃಹಗಳು ಈ ದೃಷ್ಟಿಯಿಂದ ಯಾವ ವಿದ್ಯಾಲಯಕ್ಕೂ ಕಡಮೆಯಲ್ಲ.

ಸ್ಕಾಟ್‌ಲೆಂಡನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾದೀತು. ಅಲ್ಲಿ ಪಿಟೀಲು ಅಳಿಯಲಿಲ್ಲ. ಪುಸ್ತಕಗಳೂ ಸಂಘಗಳೂ ಸ್ಪರ್ಧೆಗಳೂ ಇದ್ದುವು. ಆದರೆ ಹೆಜ್ಜೆ ಕುಣಿತವು ಹೆಚ್ಚುಕಡಮೆ ಮರೆತೇಹೋಗಿ, ಪಿಟೀಲು ಕುಳಿತು ಕೇಳುವ ಸಂಗೀತವಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೇಪ್ ಬ್ರೆಟನ್ನಿನವರೇ ಸಾಗರವನ್ನು ದಾಟಿ ಸ್ಕೈ ದ್ವೀಪದ ಗೇಲಿಕ್ ಕಾಲೇಜಿನಲ್ಲಿ ಪಿಟೀಲನ್ನೂ ಹೆಜ್ಜೆಯನ್ನೂ ಕಲಿಸಿದರು. ಈ ಹೆಜ್ಜೆಗಳು ಮೂಲದಲ್ಲಿ ಸ್ಕಾಟ್‌ಲೆಂಡಿನವೇ, ಅಲ್ಲವೇ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಕಲಿತವರು ಚರ್ಚೆ ಮುಗಿಯಲೆಂದು ಕಾಯಲಿಲ್ಲ.

ಉಳಿದ ಚಿಂತೆ ಭಾಷೆಯದು. ಹಳೆಯ ವಾದಕರು ಕಮಾನಿನಲ್ಲಿ ಗೇಲಿಕ್ ಇದೆಯೆನ್ನುತ್ತಿದ್ದರು; ಮಾತಿನ ಒತ್ತು, ಎಳೆತ, ತಡೆಗಳು ಸ್ವರದಲ್ಲಿಯೂ ಕೇಳಬೇಕೆಂಬುದು ಅವರ ಮತ. ಆ ಮಾತನ್ನು ತೊಟ್ಟಿಲಿನಲ್ಲಿ ಕಲಿತವರು ಈಗ ದ್ವೀಪದಲ್ಲಿ ಬಹಳ ವಿರಳ. ಶಾಲೆಗಳಲ್ಲಿ ಅದನ್ನು ಮತ್ತೆ ಕಲಿಸುತ್ತಿದ್ದಾರೆ. ಮುಂದಿನ ತಲೆಮಾರಿನ ಕಮಾನಿನಲ್ಲಿ ಅದು ಕೇಳಿಸುವುದೋ ಇಲ್ಲವೋ, ಇಷ್ಟು ದೂರದಿಂದ ನಾವು ಹೇಳಲಾರೆವು.

ಸೆಟ್ಟು ನಡೆಸಲು ಹಿಂದೆ ಹೆಜ್ಜೆಗಳನ್ನು ಕೂಗಿ ಹೇಳುವವನೊಬ್ಬನಿರುತ್ತಿದ್ದನು. ಈಗ ಬಹಳ ಕಡೆ ಅವನಿಲ್ಲ. ಹೊಸಬನು ಬಂದು ಗೋಡೆಗೆ ಒರಗಿ ನಿಂತಿದ್ದರೆ, ಹೆಸರನ್ನೂ ಕೇಳದೆ ಯಾರೋ ಒಬ್ಬ ಅಜ್ಜಿ ಕೈ ಹಿಡಿದೆಳೆದು ಚೌಕದೊಳಕ್ಕೆ ನಿಲ್ಲಿಸಿಕೊಳ್ಳುತ್ತಾಳೆ. ಮೊದಲ ಎರಡು ಜಿಗ್ಗುಗಳಲ್ಲಿ ಅವನು ಎಲ್ಲರ ಕಾಲನ್ನೂ ತುಳಿಯುತ್ತಾನೆ. ರೀಲು ಬರುವ ಹೊತ್ತಿಗೆ ಯಾವ ಕಡೆಗೆ ತಿರುಗಬೇಕೆಂಬುದಾದರೂ ತಿಳಿದಿರುತ್ತದೆ.